50 ಕಿಲೋ ಕರುವಿನ ಹಸಿವು

ಕೊಟ್ಟಿಗೆಯಲ್ಲಿ ಭಾರಿ ಕರು ಹುಟ್ಟಿದ ಸುದ್ದಿ ಡೇರಿಗೆ ಹಾಲು ಹಾಕುವ ಹೊತ್ತಿಗೆಲ್ಲ ಊರು ತುಂಬಿರುತ್ತದೆ. ಬಂದವರು ಅದರ ಕಾಲಿನ ದಪ್ಪ, ತಲೆಯ ಗಾತ್ರ ನೋಡಿ ‘ಹುಟ್ಟುತ್ಲೇ ಮೂರು ತಿಂಗಳ ಕರು ಇದ್ದಂಗೈತೆ’ ಎನ್ನುತ್ತಾರೆ. ದೃಷ್ಟಿಯಾಗದಿರಲೆಂದು ಯಾರೋ ಕರಿದಾರ ಕಟ್ಟುತ್ತಾರೆ. ಹೋರಿಗರುವಾದರೆ ಭೀಮ ಎಂಬ ಹೆಸರು ಸಿದ್ಧವಾಗಿರುತ್ತದೆ. ಇಷ್ಟು ದೊಡ್ಡದಿದೆಯಲ್ಲ, ತಾನೇ ಎದ್ದು ಕುಡಿಯುತ್ತದೆ ಬಿಡಿ ಎಂದು ಯಜಮಾನ ಕೈಕಾಲು ತೊಳೆಯಲು ಹೋಗುತ್ತಾನೆ. ನನಗೆ ಭಯವಾಗುವುದು ಈ ಮಾತು ಕೇಳಿದಾಗ. ಹುಟ್ಟಿದ ದಿನ ಆ ಕೊಟ್ಟಿಗೆಯಲ್ಲಿ ದೊಡ್ಡ ಕರುವಿಗಿಂತ ಹೆಚ್ಚು ದಣಿದ ಜೀವ ಇನ್ನೊಂದಿದ್ದರೆ ಅದು ಅದರ ತಾಯಿ ಮಾತ್ರ.

ಈಚೆಗೆ ತಿಪಟೂರು ಕಡೆಯ ಪರಿಚಯಸ್ಥರ ಮನೆಯಲ್ಲಿ ಮೂರನೇ ಸೂಲಿನ ಎಚ್.ಎಫ್. ಮಿಶ್ರತಳಿ ಹಸು ಹೆಣ್ಗರು ಹಾಕಿತು. ಮನೆಯ ಮಗ ಕರುವನ್ನು ತಬ್ಬಿ ಎತ್ತಿಕೊಂಡು ಕೊಬ್ಬರಿ ತೂಗುವ ಯಂತ್ರದ ಮೇಲೆ ನಿಂತ. ಅವನ ತೂಕ ಕಳೆದರೆ 51 ಕಿಲೋ ಉಳಿಯಿತು. ಅಪ್ಪಟ ಎಚ್.ಎಫ್. ಕರುವೇ ಸುಮಾರು 40 ಕಿಲೋ ಇರುತ್ತದೆ, ಜರ್ಸಿ 25ರ ಆಸುಪಾಸು. ನಮ್ಮ ಹಳ್ಳಿಕಾರ್ ಕರು 20 ಕಿಲೋ ಮುಟ್ಟಿದರೆ ಒಳ್ಳೆಯ ಕರು. ಮಲೆನಾಡು ಗಿಡ್ಡದ ಕರುವಂತೂ ಹತ್ತು ಕಿಲೋ ಒಳಗೇ ಹುಟ್ಟಿ, ತಾಯಿ ಮೈ ನೆಕ್ಕಿ ಮುಗಿಸುವುದರೊಳಗೆ ಕೆಚ್ಚಲು ಹುಡುಕುತ್ತಿರುತ್ತದೆ. ಆ ಚುರುಕನ್ನು ನೋಡಿ ಬೆಳೆದ ಕಣ್ಣು ನಮ್ಮದು. ಅದಕ್ಕೇ ದೊಡ್ಡ ಸೀಮೆ ಕರು ಹುಲ್ಲಿನ ಮೇಲೆ ಸುಮ್ಮನೆ ಮಲಗಿದ್ದರೆ ಸಾಧು ಎಂದುಕೊಳ್ಳುತ್ತೇವೆ. ಅದು ಸಾಧುವಲ್ಲ, ಸುಸ್ತು.

ಕರು ಎಷ್ಟು ಬೆಳೆಯಬೇಕೆಂಬುದನ್ನು ತಂದೆಯ ರಕ್ತ ಒಂದಿಷ್ಟು ಹೇಳುತ್ತದೆ, ತಾಯಿಯ ಗರ್ಭ ಒಂದಿಷ್ಟು ತಡೆಯುತ್ತದೆ. ಇದನ್ನು ಕುದುರೆಗಳಲ್ಲಿ ಬಲು ಚೆನ್ನಾಗಿ ತೋರಿಸಿಕೊಟ್ಟವರು ಕೇಂಬ್ರಿಡ್ಜಿನ ಆರ್ಥರ್ ವಾಲ್ಟನ್ ಮತ್ತು ಜಾನ್ ಹ್ಯಾಮಂಡ್. ಭಾರಿ ಶೈರ್ ಕುದುರೆ ಮತ್ತು ಪುಟಾಣಿ ಶೆಟ್‌ಲೆಂಡ್ ತಟ್ಟುವನ್ನು ಎರಡೂ ರೀತಿಯಲ್ಲಿ ಕೂಡಿಸಿ 1938ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ದೊಡ್ಡ ತಾಯಿಯ ಹೊಟ್ಟೆಯಲ್ಲಿ ಬೆಳೆದ ಮರಿ, ಚಿಕ್ಕ ತಾಯಿಯ ಮರಿಗಿಂತ ಸುಮಾರು ಮೂರು ಪಟ್ಟು ತೂಗಿತ್ತು. ಚಿಕ್ಕ ತಾಯಿ ಹೀಗೆ ತನ್ನ ರಕ್ಷಣೆ ತಾನು ಮಾಡಿಕೊಳ್ಳುತ್ತದೆ. ಆದರೆ ಆ ತಡೆಗೂ ಮಿತಿಯಿದೆ. ಸಣ್ಣ ಮೈಯ ಜರ್ಸಿ ಮಿಶ್ರತಳಿಗೋ ಮೊದಲ ಸೂಲಿನ ಕಡಸಿಗೋ ದೊಡ್ಡ ಎಚ್.ಎಫ್. ಹೋರಿಯ ಸೆಮೆನ್ ಕೊಡಿಸಿದಾಗ ಅದು ಸಾಲದೆ ಹೋಗುತ್ತದೆ. ಗಂಡುಗರುವಾದರೆ ಇನ್ನೂ ಎರಡು ಮೂರು ಕಿಲೋ ಹೆಚ್ಚು. ದಿನ ತುಂಬಿದ ಮೇಲೂ ಗರ್ಭದಲ್ಲೇ ಉಳಿದರೆ ಮತ್ತಷ್ಟು. ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸಿ ಹಸುವಿನ ಗರ್ಭಕ್ಕೆ ಸೇರಿಸುವ ಪದ್ಧತಿ ಈಗ ನಮ್ಮಲ್ಲೂ ಬರುತ್ತಿದೆ. ಅಂಥ ಕರುಗಳಲ್ಲಿ ಕೆಲವು ಅತಿಯಾಗಿ ಬೆಳೆದು, ನಾಲಿಗೆ ದಪ್ಪವಾಗಿ, ಹೊಕ್ಕುಳ ಉಬ್ಬಿ ಹುಟ್ಟುವುದುಂಟು. ಅದು ಬೇರೆಯೇ ತೊಂದರೆ, ಅದರ ಮಾತು ಇನ್ನೊಂದು ವಾರಕ್ಕಿರಲಿ.

ನೀರುಚೀಲ ಒಡೆದು ಗಂಟೆ ಕಳೆದರೂ ಮುಂದಿನ ಗೊರಸುಗಳಿಂದಾಚೆಗೆ ಏನೂ ಕಾಣದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಎಳೆಯಲೇಬೇಕಾಗಿ ಬಂದಾಗ ನಾಲ್ಕು ಜನ ಸೇರಿ ಹಗ್ಗ ಜಗ್ಗುವುದು, ಟ್ರ್ಯಾಕ್ಟರಿಗೆ ಕಟ್ಟುವುದು ಕರುವಿಗೂ ತಾಯಿಗೂ ಕೇಡು. ಇಬ್ಬರು ಜಗ್ಗಿದರೂ ಬಾರದ ಕರು ಆ ದಾರಿಯಿಂದ ಬರುವ ಕರುವಲ್ಲ, ಹೊಟ್ಟೆ ಕೊಯ್ದೇ ತೆಗೆಯಬೇಕು. ತಿಪಟೂರಿನಲ್ಲಿ ಡಾಕ್ಟರು ಮಾಡಿದ್ದನ್ನು ಹತ್ತಿರ ನಿಂತು ನೋಡಿದೆ. ಎರಡು ಮುಂಗಾಲಿಗೂ ಬೇರೆ ಬೇರೆ ಹಗ್ಗ ಕಟ್ಟಿದರು. ಒಂದು ಕಾಲನ್ನು ಒಂದಿಷ್ಟು ಎಳೆಯುವುದು, ಆಮೇಲೆ ಇನ್ನೊಂದನ್ನು. ಎರಡು ಭುಜವೂ ಒಮ್ಮೆಗೇ ಬಾಗಿಲಿಗೆ ಬಂದು ಸಿಕ್ಕಿಕೊಳ್ಳದೆ ಓರೆಯಾಗಿ ಒಂದರ ಹಿಂದೊಂದು ದಾಟಲೆಂದು ಹಾಗೆ. ಹಸು ತಿಣುಕಿದಾಗ ಎಳೆದರು, ಅದು ಉಸಿರು ಬಿಟ್ಟಾಗ ಇವರೂ ಕೈ ಸಡಿಲ ಬಿಟ್ಟರು. ಪಕ್ಕೆ ಹೊರಬಂದ ಮೇಲೆ ಕರುವಿನ ಮೈಯನ್ನು ಕಾಲು ಸುತ್ತು ತಿರುಗಿಸಿದರು. ಹಸುವಿನ ಕಟಿಯ ಕಿಂಡಿ ಅಗಲಕ್ಕಿಂತ ಎತ್ತರ ಹೆಚ್ಚು, ಕರುವಿನ ಸೊಂಟ ಎತ್ತರಕ್ಕಿಂತ ಅಗಲ. ತಿರುಗಿಸದೆ ಎಳೆದರೆ ಸೊಂಟ ಕಚ್ಚಿಕೊಳ್ಳುತ್ತದೆ. ಆ ಎಳೆತದಲ್ಲಿ ತೊಡೆಯ ನರ ಜಗ್ಗಿಹೋದರೆ ಕರು ಹಿಂಗಾಲೂರಿ ನಿಲ್ಲುವುದೇ ಕಷ್ಟ.

ಹೊರಬಂದ ಕರುವಿನ ನಾಲಿಗೆ ಊದಿಕೊಂಡು ಒಂದು ಕಡೆ ಜೋತಿತ್ತು. ‘ಕಾಲು ಹಿಡಿದು ತಲೆಕೆಳಗೆ ಮಾಡಿ’ ಎಂದು ಹಿಂದಿನಿಂದ ಯಾರೋ ಕೂಗಿದರು. ಈ ರೂಢಿಯನ್ನು ಇನ್ನು ಬಿಡಬೇಕು. ನೇತುಹಾಕಿದಾಗ ಸುರಿಯುವ ನೀರು ಬಹುಪಾಲು ಹೊಟ್ಟೆಯದು, ಶ್ವಾಸಕೋಶದ್ದಲ್ಲ. ಕರುಳೆಲ್ಲ ವಪೆಯ ಮೇಲೆ ಬಿದ್ದು ಮೊದಲ ಉಸಿರಿಗೇ ಅಡ್ಡಿಯಾಗುತ್ತದೆ. ಮೂಗು ಬಾಯಿಯ ಲೋಳೆ ಒರೆಸಿ, ಎದೆ ನೆಲಕ್ಕೆ ಬರುವಂತೆ ಬೋರಲು ಕೂರಿಸಿ, ಹಿಂಗಾಲು ಎರಡನ್ನೂ ಹೊಟ್ಟೆಯ ಅಕ್ಕಪಕ್ಕಕ್ಕೆ ಮುಂದೆ ತಂದಿಡಬೇಕು. ಆಗ ಎರಡು ಕಡೆಯ ಶ್ವಾಸಕೋಶವೂ ಬಿಚ್ಚಿಕೊಳ್ಳುತ್ತದೆ. ಮೂಗಿಗೆ ಹುಲ್ಲುಕಡ್ಡಿ ಆಡಿಸಿದರೆ ಸೀನುತ್ತದೆ, ಸೀನಿದರೆ ಅರ್ಧ ಗೆದ್ದಂತೆ. ಒಣ ಗೋಣಿಚೀಲದಿಂದ ಮೈಯನ್ನು ಗಟ್ಟಿಯಾಗಿ ಉಜ್ಜಬೇಕು. ಹೊಕ್ಕುಳ ಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಬೇಕು, ಮೇಲೆ ಹಚ್ಚಿದರೆ ಸಾಲದು.

ಆಮೇಲೆ ಗಿಣ್ಣು ಹಾಲು. ದೊಡ್ಡ ಕರುವಿನ ಹಣೆಬರಹ ತೀರ್ಮಾನವಾಗುವುದು ಇಲ್ಲಿ. ಮನುಷ್ಯರ ಕೂಸಿಗೆ ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲೇ ಒಂದಿಷ್ಟು ದಾಟಿ ಬಂದಿರುತ್ತದೆ. ಹಸುವಿನ ಮಾಸು ಅದನ್ನು ದಾಟಲು ಬಿಡುವುದಿಲ್ಲ. ಕರು ಬರಿಗೈಯಲ್ಲೇ ಹುಟ್ಟುತ್ತದೆ, ಬೇಕಾದ್ದೆಲ್ಲ ಗಿಣ್ಣಿನಲ್ಲಿದೆ. ಅದನ್ನು ಹಾಗೇ ಹೀರಿ ರಕ್ತಕ್ಕೆ ಸೇರಿಸುವ ಕರುಳಿನ ಶಕ್ತಿ ಹುಟ್ಟಿದ ಗಳಿಗೆಯಿಂದಲೇ ಇಳಿಯುತ್ತ ಬಂದು 24 ಗಂಟೆಯೊಳಗೆ ಮುಗಿದುಹೋಗುತ್ತದೆ. ಸಾಧಾರಣ ಕರು ಒಂದು ಗಂಟೆಯಲ್ಲಿ ಎದ್ದು, ಎರಡು ಗಂಟೆಯೊಳಗೆ ಮೊಲೆಗೆ ಬಾಯಿ ಹಾಕುತ್ತದೆ. ಕಷ್ಟಪಟ್ಟು ಹುಟ್ಟಿದ್ದು ಏಳುವುದೇ ತಡ, ಊದಿದ ನಾಲಿಗೆಯಲ್ಲಿ ಚೀಪಲಾರದು. ಹಾಗಾಗಿ ಹೆಚ್ಚು ಬೇಕಾದ ಕರುವಿಗೇ ಕಡಿಮೆ ಸಿಗುತ್ತದೆ.

ಮೈತೂಕದ ಹತ್ತರಲ್ಲಿ ಒಂದು ಪಾಲು ಗಿಣ್ಣು ಎಂಬುದು ಲೆಕ್ಕ. 51 ಕಿಲೋ ಕರುವಿಗೆ ಐದು ಲೀಟರು. ಆ ಮನೆಯ ಅವ್ವ ‘ಕಸ ಬೀಳೋವರ್ಗೂ ಕುಡಿಸಬಾರ್ದು ಕಣಪ್ಪ’ ಎಂದರು. ಅವರ ಅತ್ತೆ ಹೇಳಿಕೊಟ್ಟದ್ದು, ಅವರ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಕಸ, ಅಂದರೆ ಮಾಸು, ಬೀಳಲು ಎಂಟು ಗಂಟೆ ಹಿಡಿಯಬಹುದು, ಕರುಳಿನ ಬಾಗಿಲು ಅಷ್ಟು ಹೊತ್ತು ಕಾಯುವುದಿಲ್ಲ ಎಂದು ಬಿಡಿಸಿ ಹೇಳಿದ ಮೇಲೆ ಅವರೇ ಕೆಚ್ಚಲು ತೊಳೆದು ಹಿಂಡಿಕೊಟ್ಟರು. ಮಂದವಾದ, ಅರಿಶಿನ ಬಣ್ಣದ ಹಾಲು. ದ್ರಾಕ್ಷಿ ಬೆಳೆಗಾರರು ಸಿಹಿ ಅಳೆಯಲು ಇಟ್ಟುಕೊಳ್ಳುವ ಬ್ರಿಕ್ಸ್ ಮಾಪಕದಲ್ಲಿ ಒಂದು ತೊಟ್ಟು ಹಾಕಿ ನೋಡಿದರೆ ಗಿಣ್ಣಿನ ಗುಣ ಗೊತ್ತಾಗುತ್ತದೆ, 22 ದಾಟಿದರೆ ಒಳ್ಳೆಯದು. ರಬ್ಬರ್ ತೊಟ್ಟಿನ ಬಾಟಲಿಯಲ್ಲಿ, ಕತ್ತು ಸ್ವಲ್ಪ ಮೇಲಕ್ಕೆತ್ತಿ, ಮಧ್ಯೆ ಮಧ್ಯೆ ಬಿಡುವು ಕೊಟ್ಟು ಕುಡಿಸಿದೆವು. ಮೊದಲು ಬೆರಳು ಚೀಪಿಸಬೇಕಾಯಿತು. ಚೀಪಿದಾಗ ಅನ್ನನಾಳದ ತುದಿಯ ತೋಡು ಮುಚ್ಚಿಕೊಂಡು ಹಾಲು ನೇರ ನಾಲ್ಕನೇ ಹೊಟ್ಟೆಗೆ ಇಳಿಯುತ್ತದೆ. ಗೊಟ್ಟದಲ್ಲಿ ಮಾತ್ರ ಹೊಯ್ಯಬೇಡಿ, ದಣಿದ ಕರು ನುಂಗಲಾರದೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಚೀಪಲು ಒಲ್ಲೆನೆಂದರೆ ನಳಿಗೆ ಹಾಕಿ ಕುಡಿಸಬೇಕು, ಅದು ಬಲ್ಲವರ ಕೆಲಸ. ಗಿಣ್ಣು ಕಾಯಿಸಿ ಬೆಲ್ಲ ಏಲಕ್ಕಿ ಹಾಕಿ ನೆರೆಮನೆಗೆ ಹಂಚುವುದು ನನಗೂ ಇಷ್ಟವೇ. ಮೊದಲ ಹಿಂಡು ಕರುವಿಗಾಗಲಿ, ಹಂಚುವುದಕ್ಕೆ ಆಮೇಲಿನದಿದೆ.

ಮಾರನೆ ದಿನ ಕರು ಎದ್ದಿತು, ಆದರೆ ಮುಂಗಾಲಿನ ಗೊರಸು ಹಿಂದಕ್ಕೆ ಮಡಚಿ ಗೆಣ್ಣಿನ ಮೇಲೇ ನಿಲ್ಲುತ್ತಿತ್ತು. ಗರ್ಭದಲ್ಲಿ ಜಾಗ ಸಾಲದೆ ಕಾಲು ಮಡಚಿಕೊಂಡೇ ಬೆಳೆದ ದೊಡ್ಡ ಕರುಗಳಲ್ಲಿ ಇದನ್ನು ಆಗಾಗ ನೋಡುತ್ತೇವೆ. ಸ್ನಾಯುರಜ್ಜು ಬಿಗಿದಿರುತ್ತದೆ, ಮೂಳೆಗೆ ಏನೂ ಆಗಿರುವುದಿಲ್ಲ. ಹೆಳವ ಕರು ಎಂದು ಕೈಬಿಟ್ಟವರನ್ನೂ ಬಲ್ಲೆ, ಆಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಇಲ್ಲಿ ಡಾಕ್ಟರ ಸಲಹೆಯಂತೆ ಮನೆಯ ಮಗ ತೋಟದ ಪಿವಿಸಿ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ. ಕಾಲಿಗೆ ದಪ್ಪನಾಗಿ ಹತ್ತಿ ಸುತ್ತಿ, ಮೇಲೆ ಆ ಅರೆಪೈಪು ಕೂರಿಸಿ, ಬ್ಯಾಂಡೇಜ್ ಬಿಗಿದ. ದಿನಕ್ಕೊಮ್ಮೆ ಬಿಚ್ಚಿ ಚರ್ಮ ಕೆಂಪಾಗಿದೆಯೇ ಎಂದು ನೋಡಿ, ಕಾಲು ನೀವಿ, ಮತ್ತೆ ಕಟ್ಟುತ್ತಿದ್ದ. ಜಾರುವ ಸಿಮೆಂಟ್ ನೆಲದಿಂದ ಮಣ್ಣಿನ ನೆಲಕ್ಕೆ ಕರುವನ್ನು ಸಾಗಿಸಿದ್ದು ಪೈಪಿನಷ್ಟೇ ಉಪಕಾರವಾಯಿತು. ವಾರ ಕಳೆಯುವುದರೊಳಗೆ ಗೊರಸು ಸಪಾಟಾಗಿ ನೆಲ ಹಿಡಿಯಿತು.

ಇನ್ನು ದಿನದಿನದ ಹಾಲು. ನಮ್ಮಲ್ಲಿ ಕರುವಿಗೆ ಒಂದು ತೊಟ್ಟು ಬಿಡುವುದು, ಇಲ್ಲವೇ ಹೊತ್ತಿಗೊಂದು ಲೀಟರು ಅಳೆದು ಕೊಡುವುದು ರೂಢಿ. 25 ಕಿಲೋ ಕರುವಿಗೆ ಅದು ಹೇಗೋ ಸಾಕು. 50 ಕಿಲೋ ಕರುವಿಗೆ ಅದರಲ್ಲಿ ಮೈಬಿಸಿ ಉಳಿಸಿಕೊಳ್ಳುವುದೇ ಕಷ್ಟ, ಬೆಳೆಯುವ ಮಾತು ದೂರ. ತಿಂಗಳು ತುಂಬುವ ಹೊತ್ತಿಗೆ ಅದರ ಪಕ್ಕೆಲುಬು ಎಣಿಸಬಹುದು, ಕೂದಲು ನಿಮಿರಿ ನಿಲ್ಲುತ್ತದೆ. ಹುಟ್ಟುವಾಗ ಅಷ್ಟು ದೊಡ್ಡದಿತ್ತು, ಕಣ್ಣು ಬಿತ್ತು ನೋಡಿ ಎನ್ನುತ್ತಾರೆ. ಬಿದ್ದದ್ದು ಕಣ್ಣಲ್ಲ, ಹಸಿವು. ದಿನಕ್ಕೆ ಐದು ಲೀಟರು, ಚಳಿಗಾಲದಲ್ಲಿ ಇನ್ನೂ ಸ್ವಲ್ಪ, ಎರಡು ಮೂರು ಹೊತ್ತಿಗೆ ಹಂಚಿ, ಮೈಬಿಸಿಯಷ್ಟು ಬೆಚ್ಚಗೆ ಕೊಡಬೇಕು. ಡೇರಿಗೆ ಹೋಗಬೇಕಾದ ಹಾಲು ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಈ ಹಾಲು ಕುಡಿದ ಹೆಣ್ಗರು ಒಂದೂವರೆ ವರ್ಷದೊಳಗೆ 250 ಕಿಲೋ ದಾಟಿ ಬೆದೆಗೆ ಬರುತ್ತದೆ. ಹಾಲು ಕಡಿಮೆ ಮಾಡಿ ಸಾಕಿದ್ದು ಎರಡೂವರೆ ವರ್ಷ ಬರಿದೇ ಹುಲ್ಲು ತಿನ್ನುತ್ತ ನಿಂತಿರುತ್ತದೆ.

ಎರಡನೇ ವಾರದಿಂದ ಕರುಗಳ ಹಿಂಡಿಯನ್ನು ಒಂದೊಂದು ಹಿಡಿ ನೆಕ್ಕಿಸಿ, ಪಕ್ಕದಲ್ಲೇ ಶುದ್ಧ ನೀರಿಡಿ. ಮೆಲುಕು ಹಾಕುವ ಹೊಟ್ಟೆ ಬೆಳೆಯುವುದು ಕಾಳಿನಂಶದಿಂದ, ಹಾಲಿನಿಂದಲ್ಲ. ದಿನಕ್ಕೆ ಒಂದು ಕಿಲೋ ಹಿಂಡಿಯನ್ನು ಸತತ ಮೂರು ದಿನ ತಿಂದಾಗ ಹಾಲು ಬಿಡಿಸಬಹುದು. ವಯಸ್ಸು ಎಷ್ಟಾದರೂ ಇರಲಿ. ಹುಟ್ಟಿದ ಹತ್ತು ಹದಿನೈದು ದಿನಕ್ಕೆ ಜಂತಿನ ಔಷಧಿ ಮರೆಯಬೇಡಿ. ತೂಕಕ್ಕೆ ಯಂತ್ರವಿಲ್ಲದಿದ್ದರೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ಭುಜದಿಂದ ಪೃಷ್ಠದ ಮೂಳೆವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಎರಡು ತಿಂಗಳಲ್ಲಿ ಹುಟ್ಟಿದ ತೂಕದ ಎರಡರಷ್ಟಾಗಬೇಕು. ದೊಡ್ಡ ಕರುವಿಗೂ ಇದೇ ಗುರಿ ಇಡುತ್ತೇನೆ, ರಿಯಾಯಿತಿ ಕೊಡುವುದಿಲ್ಲ.

ತುಂಬುಗಬ್ಬದಲ್ಲಿ ಮೇವು ಕಡಿಮೆ ಮಾಡಿದರೆ ಕರು ಚಿಕ್ಕದಾಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಬೇಡವೇ ಬೇಡ. ಕರು ತಾಯಿಯ ಮೈಯಿಂದ ಕಿತ್ತುಕೊಂಡಾದರೂ ಬೆಳೆಯುತ್ತದೆ. ಸೋಲುವುದು ತಾಯಿ, ತೆಳ್ಳಗಾಗುವುದು ಗಿಣ್ಣು. ಹಾಗೆಂದು ಕೊಬ್ಬು ಏರಿಸುವುದೂ ತಪ್ಪು, ಹೆರಿಗೆ ದಾರಿಯೇ ಇಕ್ಕಟ್ಟಾಗುತ್ತದೆ. ಗಾತ್ರವನ್ನು ಹಿಡಿತದಲ್ಲಿಡುವ ಜಾಗ ಹೋರಿಯ ಆಯ್ಕೆ. ಸುಲಭ ಹೆರಿಗೆಯ ಅಂಕ ಇರುವ ಹೋರಿಗಳ ಪಟ್ಟಿಯನ್ನು ಡಾಕ್ಟರ ಬಳಿ ಕೇಳಿ ನೋಡಿ. ಮೊದಲ ಸೂಲಿನ ಕಡಸಿಗೆ ಹೆಣ್ಗರುವಿನ ಸೆಮೆನ್ ಕೊಡಿಸಿದರೆ ಹತ್ತರಲ್ಲಿ ಒಂಬತ್ತು ಪಾಲು ಹೆಣ್ಣೇ, ಗಾತ್ರವೂ ಸ್ವಲ್ಪ ಕಡಿಮೆ. ತಿಪಟೂರಿನವರಿಗೆ ಅದೇ ಹೋರಿ ಇನ್ನೊಮ್ಮೆ ಬೇಕಂತೆ. ಆ ಹಸುವಿನ ಮೈಕಟ್ಟಿಗೆ ಆಗಬಹುದು, ಅದರ ಜೊತೆ ಕಟ್ಟಿರುವ ಕಡಸಿಗೆ ಖಂಡಿತ ಬೇಡ ಎಂದೆ. ಸೆಮೆನ್ ಕಡ್ಡಿಯ ಮೇಲಿನ ಹೋರಿಯ ನಂಬರನ್ನು ಈಗ ಅವರು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟುಕೊಳ್ಳುತ್ತಿದ್ದಾರೆ.