ಟೀಪು ಎಂಬ ಹೆಸರಿನ ನಿಷ್ಪತ್ತಿ

ಮೈಸೂರಿನ ಚರಿತ್ರೆಯನ್ನು ಕುರಿತ ಹಲವು ಇಂಗ್ಲಿಷ್ ಗ್ರಂಥಗಳಲ್ಲಿ ‘ಟೀಪು’ ಎಂದರೆ ಕನ್ನಡದಲ್ಲಿ ಹುಲಿ ಎಂಬ ಮಾತು ಕಾಣಸಿಗುತ್ತದೆ. ಒಬ್ಬರು ಬರೆದುದನ್ನು ಮತ್ತೊಬ್ಬರು ಎತ್ತಿಕೊಂಡು ಅದು ಈಗ ಸಿದ್ಧಾಂತವೆಂಬಂತೆ ನಿಂತಿದೆ. ಸಾಕ್ಷ್ಯಕ್ಕೆ ನಮ್ಮ ಭಾಷೆಯನ್ನೇ ಕರೆದಿರುವುದರಿಂದ ಅದನ್ನು ಪರಿಶೀಲಿಸುವುದು ಕನ್ನಡ ಬಲ್ಲವರ ಹೊಣೆಯೆಂದು ಭಾವಿಸುತ್ತೇವೆ.

ಕನ್ನಡದಲ್ಲಿ ಹುಲಿಗೆ ಹುಲಿಯೆಂದೇ ಹೆಸರು. ಹಳಗನ್ನಡದಲ್ಲಿ ಅದು ‘ಪುಲಿ’. ತಮಿಳು ತೆಲುಗುಗಳಲ್ಲಿಯೂ ‘ಪುಲಿ’, ತುಳುವಿನಲ್ಲಿ ‘ಪಿಲಿ’. ಪಕಾರವು ಹಕಾರವಾದ ಬಗೆ ಎಲ್ಲರಿಗೂ ತಿಳಿದದ್ದೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟಿನಲ್ಲಿ ಹುಡುಕಿದರೂ ಹುಲಿಯೆಂಬ ಅರ್ಥವುಳ್ಳ ‘ಟೀಪು’ ದೊರೆಯದು. ಇದಕ್ಕಿಂತ ಬಲವಾದ ಇನ್ನೊಂದು ಆಕ್ಷೇಪವುಂಟು. ದ್ರಾವಿಡದ ಅಚ್ಚ ಶಬ್ದಗಳು ಮೂರ್ಧನ್ಯವಾದ ಟಕಾರದಿಂದ ಮೊದಲಾಗುವುದಿಲ್ಲ. ಹಾಗೆ ಮೊದಲಾಗುವ ಮಾತುಗಳು ಬಹುಮಟ್ಟಿಗೆ ಅನುಕರಣ ಶಬ್ದಗಳು, ಇಲ್ಲವೆ ಹೊರಗಿನಿಂದ ಬಂದವು. ಕಾಡಿನ ಅಂಚಿನಲ್ಲಿ ಬಾಳಿದ ಜನ ತಮ್ಮ ನಿತ್ಯಭಯದ ಮೃಗಕ್ಕೆ ಎರವಲು ಹೆಸರಿಟ್ಟು, ಅನಂತರ ಅದನ್ನು ಸಂಪೂರ್ಣವಾಗಿ ಮರೆತರೆಂದು ನಂಬುವುದು ಕಷ್ಟ.

‘ತಿಪ್ಪ’, ‘ತಿಪ್ಪಯ್ಯ’ ಎಂಬ ನಮ್ಮ ನಾಡಿನ ಹೆಸರುಗಳ ಕಡೆಗೆ ಕೆಲವರ ಮನಸ್ಸು ಹರಿಯಬಹುದು. ವಾಮನನ ಅಲಂಕಾರಸೂತ್ರಗಳಿಗೆ ‘ಕಾಮಧೇನು’ ವ್ಯಾಖ್ಯಾನವನ್ನು ಬರೆದ ಗೋಪೇಂದ್ರ ತಿಪ್ಪಭೂಪಾಲನ ಹೆಸರಿನಲ್ಲಿಯೂ ಅದುಂಟು. ಆದರೆ ತಕಾರ ಟಕಾರಗಳ ಭೇದ ರೋಮನ್ ಲಿಪಿಯಲ್ಲಿ ಮರೆಯಾಗುವುದೇ ಹೊರತು ಕನ್ನಡಿಗನ ಕಿವಿಗೆ ಮರೆಯಾಗದು. ಈ ಊಹೆಯನ್ನೂ ನಾವು ಒಪ್ಪಲಾರೆವು.

ಹೆಸರಿನ ಮೂಲ ಆರ್ಕಾಟಿನಲ್ಲಿದೆ. ಅಲ್ಲಿಯ ಟೀಪು ಮಸ್ತಾನ್ ಔಲಿಯಾ ಎಂಬ ಸಂತನ ಗೋರಿಗೆ ಹೈದರಾಲಿಯ ಪತ್ನಿ ಫಖ್ರುನ್ನಿಸಾ ಸಂತಾನಾರ್ಥವಾಗಿ ಹರಕೆ ಹೊತ್ತಳೆಂದೂ, ಹುಟ್ಟಿದ ಮಗುವಿಗೆ ಆ ಸಂತನ ಹೆಸರನ್ನೇ ಇಟ್ಟರೆಂದೂ ಪರಂಪರೆ. ನಂಜುಂಡ, ಮಂಜಯ್ಯ, ಬಂದೇನವಾಜ್ ಮೊದಲಾದ ಹರಕೆಯ ಹೆಸರುಗಳನ್ನು ಇಂದಿಗೂ ಇಡುವ ನಮ್ಮ ಜನಕ್ಕೆ ಇದರಲ್ಲಿ ವಿಚಿತ್ರವೇನೂ ತೋರದು. ಇಂಥ ಹೆಸರಿನಲ್ಲಿ ಇಟ್ಟವರು ನೋಡುವುದು ಶಬ್ದದ ಅರ್ಥವನ್ನಲ್ಲ. ಅದನ್ನು ಹೊತ್ತಿದ್ದ ಮಹನೀಯನನ್ನು. ವ್ಯುತ್ಪತ್ತಿಕಾರರು ಮರೆತದ್ದು ಇದನ್ನೇ.

ಹಾಗಾದರೆ ಹುಲಿ ಎಲ್ಲಿಂದ ಬಂದಿತು? ಸುಲ್ತಾನನ ಸಿಂಹಾಸನ, ಫಿರಂಗಿ, ಸೈನಿಕರ ಉಡುಪು ಎಲ್ಲದರಲ್ಲಿಯೂ ಹುಲಿಯ ಮುಖವೋ ಪಟ್ಟೆಯೋ ಇದ್ದಿತು. ಅವನು ಬಳಸಿದ, ವ್ಯಾಘ್ರಮುಖದ ಆಕಾರದಲ್ಲಿ ಹೆಣೆದ ಲಿಪಿಚಿತ್ರದಲ್ಲಿರುವ ಅರಬ್ಬೀ ಮಾತಿಗೆ ‘ದೇವರ ಸಿಂಹವೇ ವಿಜಯಿ’ ಎಂದರ್ಥ. ‘ದೇವರ ಸಿಂಹ’ವೆಂಬುದು ಪ್ರವಾದಿಯ ಅಳಿಯನಾದ ಅಲಿಯ ಬಿರುದು; ಅದೇ ಅಲಿಯ ಇನ್ನೊಂದು ಬಿರುದು ‘ಹೈದರ್’, ಅದಕ್ಕೂ ಸಿಂಹವೆಂದೇ ಅರ್ಥ. ಹಿಂದೂಸ್ತಾನಿಯಲ್ಲಿ ‘ಶೇರ್’ ಎಂಬ ಒಂದೇ ಶಬ್ದ ಸಿಂಹಕ್ಕೂ ಹುಲಿಗೂ ಸಲ್ಲುತ್ತದೆ. ಆದುದರಿಂದ ಮೃಗದ ಅರ್ಥ ಯಾವುದಾದರೂ ಹೆಸರಿನಲ್ಲಿದ್ದರೆ ಅದು ತಂದೆಯ ಹೆಸರಿನಲ್ಲಿ, ಮಗನದರಲ್ಲಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲಂಡನ್ನಿಗೆ ಸಾಗಿದ ಮರದ ಹುಲಿಯನ್ನು ಕಂಡು ಬೆರಗಾದವರಿಗೆ ಲಾಂಛನವೇ ಹೆಸರಿನ ಅರ್ಥವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಅವನಿಗೆ ‘ಫತೇ ಅಲಿ’ ಎಂಬ ಹೆಸರೂ ಇದ್ದಿತು. ಅದು ತಾತನಾದ ಫತೇ ಮಹಮ್ಮದನಿಂದ ಬಂದುದು. ಆತನ ಗೋರಿ ಕೋಲಾರದಲ್ಲಿದೆ.