ತರಗತಿಯಲ್ಲಿ ಕಳೆದುಹೋದ ತಾರೀಖು

ಉರ್ದುವಿನಲ್ಲಿ ‘ತಾರೀಖ್’ ಎಂದರೆ ದಿನಾಂಕವೂ ಹೌದು, ಚರಿತ್ರೆಯೂ ಹೌದು. ಕನ್ನಡಕ್ಕೆ ಬರುವ ದಾರಿಯಲ್ಲಿ ಚರಿತ್ರೆ ಉದುರಿ ಬರೀ ದಿನಾಂಕ ಉಳಿಯಿತು. ನಮ್ಮ ಶಾಲೆಗಳ ಇತಿಹಾಸ ಪಾಠಕ್ಕೂ ಇದೇ ಗತಿ. ಇಸವಿಗಳಿವೆ, ಕಾಲವಿಲ್ಲ.

ಶಿರಸಿಯ ಹುಡುಗನಿಗೆ ಬನವಾಸಿ ಪಕ್ಕದ ಊರು. ಮಯೂರವರ್ಮ ಅಲ್ಲಿ ಆಳಿದ, ಪಂಪ ಅದನ್ನು ಹೊಗಳಿದ ಎಂದು ಒಂದೇ ಉಸಿರಿಗೆ ಕಲಿಯುತ್ತಾನೆ. ಮಯೂರ 4ನೇ ಶತಮಾನದವನು, ಪಂಪ 10ನೇ ಶತಮಾನದವನು. ನಡುವಿನ 600 ವರ್ಷ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಪರೀಕ್ಷೆಯಲ್ಲಿ ‘ಹೊಂದಿಸಿ ಬರೆಯಿರಿ’ ಎಂದರೆ ಇಬ್ಬರಿಗೂ ಗೆರೆ ಎಳೆದರಾಯಿತು.

ಇದರಿಂದ ಯಾರಿಗೂ ನೋವಿಲ್ಲ. ಸೋದೆಯ ವಿಷಯ ಹಾಗಲ್ಲ. ‘ಸೋದೆಯನ್ನು ಮುಸ್ಲಿಮರು ಹಾಳುಮಾಡಿದರು’ ಎಂಬ ಮಾತು ಬಾಯಿಂದ ಬಾಯಿಗೆ ಹರಿದು ತರಗತಿಗೂ ಬರುತ್ತದೆ. ಆಗ ಹಿಂದಿನ ಬೆಂಚಿನ ಅಬ್ದುಲ್ಲನ ಕಡೆ ನಾಲ್ಕು ಮುಖ ತಿರುಗುತ್ತವೆ. ಈ ವಾಕ್ಯದಲ್ಲಿ ಕರ್ತೃ ಇದ್ದಾನೆ, ಕಾಲವಿಲ್ಲ. ಕಾಲ ಸೇರಿಸಿ ನೋಡಿ. ವಿಜಾಪುರದ ಆದಿಲ್‌ಶಾಹಿ 1686ರಲ್ಲಿ ಮುಗಿಯಿತು. ಮುಗಿಸಿದವನು ಔರಂಗಜೇಬ್, ಅವನೂ ಮುಸ್ಲಿಮನೇ. ಹೈದರಾಲಿ ಬಿದನೂರು ಗೆದ್ದದ್ದು 1763ರಲ್ಲಿ. ಸೋದೆಯ ಸರದಿ ಬಂದದ್ದು ಅದರ ಬೆನ್ನಿಗೆ. ಅಲ್ಲಿನ ಅರಸ ಹೋಗಿ ಆಶ್ರಯ ಪಡೆದದ್ದು ಗೋವೆಯ ಪೋರ್ಚುಗೀಸರಲ್ಲಿ. ಇಷ್ಟನ್ನು ಸಾಲಾಗಿ ಇಟ್ಟರೆ ಮೈಸೂರು, ಮರಾಠರು, ಪೋರ್ಚುಗೀಸರು ರಾಜ್ಯಕ್ಕಾಗಿ ಹೊಡೆದಾಡುತ್ತಿದ್ದ ಕಾಲವೊಂದು ಕಾಣುತ್ತದೆ. ಹೈದರನ ದಂಡು ಮಾಡಿದ ಹಾನಿ ಸುಳ್ಳಾಗುವುದಿಲ್ಲ. ಅದನ್ನು ಮುಚ್ಚಿಡಬೇಕೆಂದು ನಾನೂ ಹೇಳುತ್ತಿಲ್ಲ. ಆದರೆ ಅದು ಅಬ್ದುಲ್ಲನ ಖಾತೆಗೆ ಬರುವುದಿಲ್ಲ.

ಈಚೆಗೆ ಗೋಡೆಗೆ ಕಾಲಪಟ್ಟಿ ತೂಗುಹಾಕುವ ಉಮೇದು ಕೆಲವು ಮೇಷ್ಟ್ರುಗಳಲ್ಲಿದೆ. ಒಳ್ಳೆಯದೇ. ಆದರೆ ಪಟ್ಟಿ ಯಾವುದರ ಮುಂದೆ ಯಾವುದು ಎಂದು ಹೇಳೀತು, ಯಾಕೆ ಎಂದು ಹೇಳದು. ಸಿದ್ದಾಪುರದ ಮಾವಿನಗುಂಡಿಯನ್ನೇ ತೆಗೆದುಕೊಳ್ಳಿ. ಕರನಿರಾಕರಣೆಯಲ್ಲಿ ಮುಟ್ಟುಗೋಲಾದ ಜಮೀನು ಕೊಂಡವರ ಮನೆ ಮುಂದೆ 1932ರಲ್ಲಿ ಹೆಂಗಸರು ಉಪವಾಸ ಕೂತರು. ಆ ಕಂದಾಯ ಮುಂಬಯಿ ಸರಕಾರಕ್ಕೆ ಸೇರಬೇಕಾದದ್ದು. ಕನ್ನಡ ಸೀಮೆಯ ಒಂದು ತಾಲೂಕಿಗೆ ಮುಂಬಯಿ ಯಾಕೆ ಒಡೆಯನಾಯಿತು? ಉತ್ತರ 1862ರಲ್ಲಿದೆ. ಧಾರವಾಡದ ಹತ್ತಿಗೆ ಕಾರವಾರದ ಬಂದರು ಬೇಕೆಂಬ ವ್ಯಾಪಾರಿಗಳ ಒತ್ತಡಕ್ಕೆ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿಗೆ ಹೋಯಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹತ್ತಿ ಬೆಳೆಯದ ಈ ಅಡಿಕೆ ಸೀಮೆಯ ಹಣೆಬರಹವನ್ನು ಹತ್ತಿ ಬರೆಯಿತು! ಮಕ್ಕಳಿಗೆ ಇದು ಪತ್ತೇದಾರಿ ಕತೆಯಷ್ಟೇ ರುಚಿಸುತ್ತದೆ. ಹೇಳಲು ಬೇಕಾಗುವುದು ಒಂದು ಪಿರಿಯಡ್ಡು.

ಯಲ್ಲಾಪುರದ ತರಗತಿಗಳಲ್ಲಿ ಸಿದ್ದಿ ಮಕ್ಕಳೂ ಇದ್ದಾರೆ, ಹಿಂದೂ, ಕ್ರೈಸ್ತ, ಮುಸ್ಲಿಮ್ ಮೂರೂ ಮತದವರು. ‘ಆಫ್ರಿಕಾದಿಂದ ಬಂದವರು’ ಎಂಬ ಒಂದು ಸಾಲಿನಲ್ಲಿ ಅವರ ಚರಿತ್ರೆ ಮುಗಿಸಿದರೆ, ನಿನ್ನೆ ಹಡಗಿನಿಂದ ಇಳಿದವರಂತೆ ಕೇಳಿಸುತ್ತದೆ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಅವರು ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಈ ಮಕ್ಕಳಲ್ಲಿದೆ. ಇಲ್ಲಿನ ಸಿದ್ದಿಗಳ ಹೆಸರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಈ ಎರಡು ಇಸವಿಗಳನ್ನು ಬೋರ್ಡಿನ ಎರಡು ತುದಿಗೆ ಬರೆದು, ನಡುವೆ ಎಷ್ಟು ತಲೆಮಾರು ಎಂದು ಮಕ್ಕಳಿಂದಲೇ ಎಣಿಸಿದರೆ ಪಾಠ ಅಲ್ಲಿಂದ ಶುರುವಾಗುತ್ತದೆ.