ಲೀಚ್: ಕಾಯುವ ಖರ್ಚು ಯಾರ ಲೆಕ್ಕಕ್ಕೆ?

ನಿಸ್ತಂತು ಸಂವೇದಕ ಜಾಲಗಳಲ್ಲಿ ಬ್ಯಾಟರಿ ಉಳಿಸುವ ಮಾತೆತ್ತಿದರೆ ನಮ್ಮ ಸಂಶೋಧಕರು ಮೊದಲು ಕೈಮುಗಿಯುವುದು ಲೀಚ್ ಪ್ರೋಟೊಕಾಲ್‌ಗೆ. 2000ದಲ್ಲಿ ಎಂಐಟಿಯ ಹೈನ್ಜೆಲ್‌ಮನ್, ಚಂದ್ರಕಾಸನ್, ಬಾಲಕೃಷ್ಣನ್ ಮಂಡಿಸಿದ ಉಪಾಯ ಎಲ್ಲರಿಗೂ ಗೊತ್ತಿರುವುದೇ: ಸಂವೇದಕ ನೋಡ್‌ಗಳ ಒಂದು ಗುಂಪಿನ, ಅಂದರೆ ಕ್ಲಸ್ಟರ್‌ನ, ದತ್ತಾಂಶವನ್ನು ಒಟ್ಟುಮಾಡಿ ದೂರಕ್ಕೆ ಕಳಿಸುವ ಕ್ಲಸ್ಟರ್ ಹೆಡ್‌ನ ಹೊರೆ ಸರದಿಯ ಮೇಲೆ ಎಲ್ಲ ನೋಡ್‌ಗಳಿಗೂ ಬರುತ್ತದೆ. ಉಪಾಯ ಚೆಂದವೇ. ಅದರ ಕೀರ್ತಿ ನಿಂತಿರುವ ಲೆಕ್ಕ ಮಾತ್ರ ಟೊಳ್ಳು.

ಆ ಲೆಕ್ಕದಲ್ಲಿ ಒಂದು ಬಿಟ್ ಕಳಿಸಲು ಸರ್ಕ್ಯೂಟ್‌ಗೆ 50 ನ್ಯಾನೊಜೂಲ್. ಆಂಪ್ಲಿಫೈಯರ್‌ಗೆ, ದೂರದ ವರ್ಗವನ್ನು 100 ಪಿಕೊಜೂಲ್‌ನಿಂದ ಗುಣಿಸಿದಷ್ಟು. ಪಡೆಯಲು ಮತ್ತೆ 50 ನ್ಯಾನೊಜೂಲ್. ಹತ್ತು ಮೀಟರಿಗೆ ಆಂಪ್ಲಿಫೈಯರ್‌ನ ಪಾಲು 10 ನ್ಯಾನೊಜೂಲ್, ನೂರು ಮೀಟರಿಗೆ 1000. ಹೀಗೆ ದೂರವೇ ಖಳನಾಯಕನಾಗುತ್ತದೆ, ಕ್ಲಸ್ಟರ್ ಗೆಲ್ಲುತ್ತದೆ. ಈ ಸಮೀಕರಣದಲ್ಲಿ ಬಿಟ್ ಇದೆ, ದೂರ ಇದೆ; ಹೊತ್ತು ಎಲ್ಲಿದೆ? ಹೆಡ್‌ಗಳು ತಮ್ಮನ್ನು ಸಾರಿಕೊಳ್ಳುವ ಹಂತದಲ್ಲಿ ಉಳಿದ ನೋಡ್‌ಗಳು ರಿಸೀವರ್ ತೆರೆದಿಟ್ಟಿರಬೇಕು, ಸದಸ್ಯರ ದತ್ತಾಂಶಕ್ಕಾಗಿ ಹೆಡ್ ಕೂಡ ತೆರೆದಿಟ್ಟಿರಬೇಕು ಎಂದು ಅದೇ ಪ್ರಬಂಧ ಹೇಳುತ್ತದೆ. ಬಂದ ಬಿಟ್‌ಗೆ ಬಿಲ್ಲು ಬೀಳುತ್ತದೆ, ಎರಡು ಬಿಟ್‌ಗಳ ನಡುವಿನ ಮೌನ ಪುಕ್ಕಟೆ!

ನಿಜವಾದ ರೇಡಿಯೊ ಇಷ್ಟು ಉದಾರಿಯಲ್ಲ. ಮುಂದೆ ಮನೆಮಾತಾದ ಸಿಸಿ2420 ಚಿಪ್ ಪೂರ್ಣ ಶಕ್ತಿಯಲ್ಲಿ ಕಳಿಸುವಾಗ 17.4 ಮಿಲಿಆಂಪಿಯರ್ ಎಳೆದರೆ ರಿಸೀವರ್ ತೆರೆದಾಗ 18.8 ಎಳೆಯುತ್ತದೆ, ಏನಾದರೂ ಬರಲಿ ಬಿಡಲಿ. ಸದಸ್ಯ ನೋಡ್‌ಗಳು ತಮ್ಮ ಸರದಿಯ ಹೊರಗೆ ರೇಡಿಯೊ ಆರಿಸಿ ನಿದ್ರಿಸಬಹುದು ಎಂಬುದು ಲೀಚ್‌ನ ದೊಡ್ಡ ಗುಣ, ಒಪ್ಪೋಣ. ಹೊತ್ತನ್ನೇ ಎಣಿಸದ ಲೆಕ್ಕ ಆ ಗುಣವನ್ನೂ ತೋರಿಸಲಾರದು.

ಲೀಚ್‌ನ ವಿಮರ್ಶಕರದು ಇನ್ನೊಂದು ಕಥೆ. ಹೆಡ್ ಆರಿಸುವಾಗ ಉಳಿದಿರುವ ಬ್ಯಾಟರಿಯನ್ನು ನೋಡುವುದಿಲ್ಲ ಎಂಬುದು ಇವರ ಮಹಾ ಆಕ್ಷೇಪ. ಮೂಲ ಲೇಖಕರೇ 2002ರಲ್ಲಿ ಲೀಚ್-ಸಿ ತಂದು ಆ ಬಾಯಿ ಮುಚ್ಚಿಸಿದ್ದಾರೆ. ಆದರೂ ಹೆಡ್ ಆರಿಸುವ ಸೂತ್ರಕ್ಕೊಂದು ಪದ, ಹೆಸರಿಗೊಂದು ಅಕ್ಷರ ಅಂಟಿಸಿ, ಸಿಮ್ಯುಲೇಶನ್‌ನಲ್ಲಿ ನೂರು ನೋಡ್ ಚೆಲ್ಲಿ, ಮೊದಲ ನೋಡ್ ಸಾಯುವುದನ್ನು ಮುಂದೂಡಿದ್ದೇವೆ ಎನ್ನುವ ಪ್ರಬಂಧಗಳು ನಿಂತಿಲ್ಲ. ಅವುಗಳಲ್ಲಿ ಬಹುಪಾಲು ತೂಗುವುದು ಅದೇ ಸುಳ್ಳು ತಕ್ಕಡಿಯಲ್ಲಿ. ಇದನ್ನು ವಿಮರ್ಶೆ ಎನ್ನುವುದಕ್ಕಿಂತ ವಂಶಾಭಿವೃದ್ಧಿ ಎನ್ನುವುದು ವಾಸಿ.

ಈ ಗದ್ದಲದಲ್ಲಿ ಮೂಲೆಗೆ ಬಿದ್ದದ್ದು ಬರ್ಕ್ಲಿಯ ಪೊಲಾಸ್ಟ್ರೆ, ಹಿಲ್, ಕಲ್ಲರ್ 2004ರಲ್ಲಿ ತಂದ ಬಿ-ಮ್ಯಾಕ್ ಪ್ರೋಟೊಕಾಲ್. ಇದರಲ್ಲಿ ಹೆಡ್ ಇಲ್ಲ, ಚುನಾವಣೆಯೂ ಇಲ್ಲ. ನೋಡ್ ಆಗಾಗ ಕ್ಷಣಮಾತ್ರ ಎದ್ದು ಗಾಳಿಯಲ್ಲಿ ಸದ್ದಿದೆಯೇ ಎಂದು ನೋಡಿ ಮಲಗುತ್ತದೆ. ಎದ್ದಾಗ ಸಿಕ್ಕಲಿ ಎಂದು ಕಳಿಸುವವನೇ ತನ್ನ ಮುನ್ನುಡಿ ಸಂಕೇತವನ್ನು ಉದ್ದ ಮಾಡುತ್ತಾನೆ. ಖರ್ಚು ಕೇಳುವವನಿಂದ ಕಳಿಸುವವನಿಗೆ ದಾಟುತ್ತದೆ. ಎಷ್ಟೋ ಹೊತ್ತಿಗೊಮ್ಮೆ ಒಂದು ಉಷ್ಣಾಂಶದ ಅಂಕಿ ಹೊರಡುವ ಜಾಲಕ್ಕೆ ಈ ವ್ಯಾಪಾರ ಬಹಳ ಲಾಭದ್ದು.